ಅಲಸಂದೆಗೆ ಕೊಟ್ಟ ಹೊಗೆಸೊಪ್ಪು

ನನ್ನ ಅತ್ತೆಯಮ್ಮನಿಗೆ,

ಇವತ್ತು ಬೆಳಿಗ್ಗೆ ಅಲಸಂದೆ ಬಿತ್ತಿ ಬಂದು ಕೂತೆ. ನೀವು ಹೋದ ಮೇಲೆ ಇದು ಮೊದಲ ಬಿತ್ತನೆ. ನಿಮ್ಮ ಹತ್ತಿರ ಹೇಳಬೇಕಾದದ್ದು ಎಷ್ಟೋ ಇತ್ತು, ನೀವಿದ್ದಾಗ ಬಾಯಿಗೆ ಬರಲೇ ಇಲ್ಲ.

ನಿಮ್ಮ ಮಗನ ದೋಣಿ ತೆಂಗಿನಗುಂಡಿ ಬಂದರಿಗೆ ಮರಳದ ಆ ವರ್ಷ ನೆನಪಾಗುತ್ತದೆ. ನನ್ನನ್ನೂ ಮಗಳನ್ನೂ ತವರಿಗೆ ಕರೆದೊಯ್ಯಲು ಅಪ್ಪ ತದಡಿಯಿಂದ ಬಂದಿದ್ದರು, ಹೊನ್ನಾವರದಲ್ಲಿ ಲಾಂಚು ಹತ್ತಿ ಹೊಳೆ ದಾಟಿ. "ಇಲ್ಲಿ ಎಂತ ತಿಂದ್ಕಂಡು ಇರ್ತೆ?" ಎಂದು ಕೇಳಿದರು. ಮನೆಯ ಹಿಂದಿನ ಹೊಯ್ಗೆ ನೆಲದಲ್ಲಿ, ಆ ಮರಳಲ್ಲೇ, ತರಕಾರಿ ಮಾಡುತ್ತೇನೆ ಎಂದೆ. ಮೀನುಗಾರರ ಮನೆಯ ಹೆಣ್ಣು ತರಕಾರಿ ಬೆಳೆಯುವುದೆಂದರೆ! ಅಪ್ಪ ನಕ್ಕರು. "ಆತು, ಈ ಬೆಳೆ ನೋಡ್ವ. ಬರ್ಲಿಲ್ಲ ಅಂದ್ರೆ ಹೊರಡು." ನೀವು ಮೂಲೆಯಲ್ಲಿ ಎಲೆಯಡಿಕೆ ಜಗಿಯುತ್ತ ಕೂತಿದ್ದಿರಿ, ಒಂದು ಮಾತೂ ಆಡಲಿಲ್ಲ. ನಾನು ಹೋಗಲಿ ಎಂದೇ ನಿಮಗೂ ಇದೆಯೇನೋ ಅಂದುಕೊಂಡೆ...

ಬಿತ್ತಿದ ಅಲಸಂದೆಯ ಬಳ್ಳಿ ಹೂ ಬಿಡುವ ಹೊತ್ತಿಗೆ ಕರಿಹೇನು ಬಂತಲ್ಲ, ಅದನ್ನು ಹೇಗೆ ಮರೆಯಲಿ? ಕುಡಿಯೆಲ್ಲ ಮುರುಟಿತು, ಎಲೆ ಅಂಟಂಟಾಯಿತು, ಮೇಲೆ ಇರುವೆಯ ಸಾಲು. ಬೂದಿ ಎರಚಿದೆ. ಬೆರಳಲ್ಲಿ ಉಜ್ಜಿ ತೆಗೆದೆ. ಮರುದಿನ ನೋಡಿದರೆ ಮತ್ತೆ ಅಷ್ಟೇ ಹೇನು. ಕೇರಿಗೆ ಮಲೇರಿಯಾ ಔಷಧಿ ಹೊಡೆಯಲು ಬಂದವರನ್ನೂ ಕೇಳಿದೆ. "ಇದು ಗೋಡೆಗೆ, ಗಿಡಕ್ಕಲ್ಲ" ಎಂದು ಹೋದರು. ಅವತ್ತು ಗಿಡಗಳ ನಡುವೆ ಕೂತು ಅತ್ತುಬಿಟ್ಟೆ.

ಭಟ್ಕಳದಲ್ಲಿ ಮೀನು ಮಾರಿ ಬಂದ ನೀವು ಬುಟ್ಟಿಯನ್ನೂ ಇಳಿಸದೆ ನನ್ನ ಹತ್ತಿರ ಬಂದು ನಿಂತಿರಿ. "ಎಂತಕ್ಕೆ ಅಳ್ತೆ ಮಗಾ? ನಾ ಮೀನು ಕೊಡುವ ಮನೆ ಬೀಬಿ ಹತ್ರ ಕೇಳ್ಕಂಡು ಬಂದೆ. ಹೊಗೆಸೊಪ್ಪು ಕುದಿಸಿ ಹೊಡೀಬೇಕಂತೆ." ಸೊಂಟದ ಸಂಚಿ ಬಿಚ್ಚಿ, ಜಗಿಯಲೆಂದು ಇಟ್ಟುಕೊಂಡಿದ್ದ ಹೊಗೆಸೊಪ್ಪನ್ನೆಲ್ಲ ಮಡಕೆಗೆ ಸುರಿದಿರಿ.

ಸಾಬೂನು ತುರಿದು ಹಾಕಿ ಕಲಕಿದ ಆ ಕಂದು ನೀರಿನ ಘಾಟು ಈಗಲೂ ಮೂಗಿನಲ್ಲಿದೆ. ನೀವು ಒಂದೊಂದೇ ಎಲೆ ಮಗುಚಿ ಹಿಡಿಯುತ್ತಿದ್ದಿರಿ, ನಾನು ಒಂದು ಹಿಡಿ ತೆಂಗಿನ ಕಡ್ಡಿಯಿಂದ ಚಿಮುಕಿಸುತ್ತಿದ್ದೆ. ಆಮೇಲೆ ಪೇಟೆಯಿಂದ ತಂದ ಹೊಗೆಸೊಪ್ಪೆಲ್ಲ ಗಿಡಕ್ಕೇ ಹೋಯಿತು. ಹುಡುಗಿಯಾಗಿದ್ದಾಗಿನಿಂದ ಬಂದ ಚಟ ಬಿಡುವುದೆಂದರೆ ಸುಲಭವೇ? ತಲೆನೋವಿಗೆ ಬಟ್ಟೆ ಬಿಗಿದುಕೊಂಡು ಬರೀ ಎಲೆಯಡಿಕೆ ಜಗಿಯುತ್ತಿದ್ದಿರಿ. ಗಿರಾಕಿಗಳ ಮೇಲೆ ರೇಗುತ್ತಿದ್ದಿರಿ.

"ಒಂದು ಚೂರಾದ್ರೂ ಇಟ್ಕಳಿ ಅತ್ತೆ" ಎಂದೆ ಒಂದು ದಿನ.

"ಬ್ಯಾಡ. ಆ ಹೇನೇ ತಿಂದ್ಕಂಡು ಸಾಯ್ಲಿ." ಇನ್ನೊಂದು ಎಲೆ ಹಿಡಿದು ಅಂದಿರಿ, "ನೀ ಹೋದ್ರೆ ಈ ಮನೇಲಿ ನಾ ಯಾರ ಕೂಡೆ ಮಾತಾಡುದು?"

ನಾನು ಎಲೆ ಮಗುಚುವ ನಿಮ್ಮ ಕೈಯನ್ನೇ ನೋಡುತ್ತಿದ್ದೆ...

ಹೊಸ ಕುಡಿ ಒಡೆದು ಬಳ್ಳಿ ತುಂಬ ಕಾಯಿ ಜೋತದ್ದು ನೀವೂ ನೋಡಿದ್ದೀರಿ. ಅಪ್ಪ ಬಂದವರು ಅಲಸಂದೆಯ ಕಟ್ಟು ಹಿಡಿದುಕೊಂಡು ಒಬ್ಬರೇ ಹೊರಟರು. ಗಂಡನನ್ನು ಕಳೆದುಕೊಂಡ ಮನೆಯಲ್ಲಿ ಅಮ್ಮನೊಬ್ಬಳು ಸಿಕ್ಕಿದ ಪುಣ್ಯ ನನ್ನದು, ಅತ್ತೆ.

ನೀವು ಕೇಳದ ಸುದ್ದಿ ಒಂದಿದೆ. ಮೊನ್ನೆ ಹಿತ್ತಲ ಮೂಲೆಯಲ್ಲಿ ಬಾವಿ ತೋಡಿಸಿದೆ. ಸಮುದ್ರ ಇಷ್ಟು ಹತ್ತಿರ, ಉಪ್ಪುನೀರೇ ಬರುತ್ತದೆ ಎಂದು ಕೇರಿಯವರೆಲ್ಲ ಹೇಳಿದ್ದರು. ಮೊದಲ ಕೊಡ ಎತ್ತಿದವಳು ನಿಮ್ಮ ಮೊಮ್ಮಗಳು. ಬೊಗಸೆಯಲ್ಲಿ ಕುಡಿದು, ನನ್ನ ಕಡೆ ತಿರುಗಿ ನಕ್ಕಳು.

ಸಿಹಿನೀರು, ಅತ್ತೆ.

ನಿಮ್ಮ ಸೊಸೆ,
ನಾಗವೇಣಿ