ಯಜಮಾನರು ಆಟಕ್ಕೆ ಕೂತ ದಿನ

೧೪ ನವೆಂಬರ್ ೧೯೯೫, ಮಂಗಳವಾರ, ಒಸಾಕಾ

ನಮ್ಮ ವಿಡಿಯೋ ಆಟ ಉಳಿಯುತ್ತದೋ ಇಲ್ಲವೋ ಎಂಬ ಚಿಂತೆ ಇವತ್ತಿಗೆ ಮುಗಿಯಿತು. ಕಷ್ಟಪಟ್ಟು ಕಟ್ಟಿದ ಮೂರು ಆಯಾಮದ ಲೋಕವನ್ನು ಬಿಟ್ಟು, ಹಿಂದಿನಂತೆ ಚಪ್ಪಟೆ ಚಿತ್ರದಲ್ಲೇ ಮಾಡಿ ಎನ್ನಲು ಕಂಪನಿಯ ಯಜಮಾನ ಕುರಾಮೋಚಿಯವರು ಬೆಳಿಗ್ಗೆ ಬಂದರು.

"ಒಂದ್ಸಲ ಆಡಿ ನೋಡಿ ಸಾರ್, ಆಮೇಲೆ ಬೈಯಿರಿ," ಎಂದು ನಮ್ಮ ಆಟಕ್ಕೆ ಚಿತ್ರ ಬರೆಯುವ ಚಿಜುರು ಯಜಮಾನರನ್ನು ಪರದೆಯ ಮುಂದೆ ಕೂರಿಸಿದಳು.

ಕತ್ತಿ ಹಿಡಿದ ನಾಯಕ ಗುಹೆಯೊಳಗೆ ಹೊಕ್ಕ. ಡ್ರ್ಯಾಗನ್ ಬಾಲ ಬೀಸಿತು. ಯಜಮಾನರು ಕುರ್ಚಿಯಲ್ಲೇ ತಲೆ ತಗ್ಗಿಸಿದರು. ಚಹಾ ಆರಿತು, ಟೈ ಸಡಿಲವಾಯಿತು. ಊಟದ ಹೊತ್ತಿಗೆ ಮೆಲ್ಲಗೆ ಕೇಳಿದೆ: "ಚಪ್ಪಟೆ ಚಿತ್ರಕ್ಕೇ ವಾಪಸ್ ಹೋಗೋಣ್ವಾ ಸಾರ್?"

"ಸುಮ್ನಿರಯ್ಯಾ, ಅದು ನನ್ನ ಬೆನ್ನ ಹಿಂದೆ ಬಂದಿದೆ," ಎನ್ನುತ್ತಾ ನಿಜಕ್ಕೂ ಹಿಂದಕ್ಕೆ ತಿರುಗಿ ನೋಡಿದರು. ಅಲ್ಲಿ ಚಿಜುರು ನಿಂತಿದ್ದಳು.

ಹೊರಡುವಾಗ "ಮುಂದುವರಿಸಿ" ಎಂದಷ್ಟೇ ಹೇಳಿದರು. ನಿದ್ದೆಗೆ ಕಣ್ಣು ಎಳೆಯುತ್ತಿದೆ, ಆದರೂ ಹಿಂದಕ್ಕೆ ತಿರುಗಿದಾಗಿನ ಅವರ ಮುಖ ನೆನೆದರೆ ನಗು ತಡೆಯಲಾಗುತ್ತಿಲ್ಲ.