ಹಾಡಿನೊಳಗಿನ ಬೀಗ

ಭಾನುವಾರ, ಮಧ್ಯಾಹ್ನ

ಪ್ರಿಯ ಇಲಿಮರಿ ಅವರಿಗೆ,

ನಿಮ್ಮ ನಿಜವಾದ ಹೆಸರು ನನಗೆ ಇವತ್ತಿಗೂ ಗೊತ್ತಿಲ್ಲ. ಆಗ ಗೊತ್ತಾಗಿದ್ದರೆ ನೇರವಾಗಿ ಪೊಲೀಸರಿಗೆ ಕೊಡುತ್ತಿದ್ದೆ. ಈಗ ಕನ್ನಡಕದ ಅಂಗಡಿ ಇಟ್ಟಿದ್ದೀರಿ, ಮೊಮ್ಮಗಳನ್ನು ಶಾಲೆಗೆ ಬಿಟ್ಟು ಬರುತ್ತೀರಿ ಎಂದೆಲ್ಲ ಕೇಳಿದ ಮೇಲೆ ಸಿಟ್ಟು ಮಾಡಿಕೊಳ್ಳುವುದೂ ಕಷ್ಟವಾಗಿದೆ. ನಾನು ಯಾರೆಂದರೆ, ನೀವು ಹುಡುಗರಾಗಿದ್ದಾಗ ಕಂಪ್ಯೂಟರ್ ಆಟಗಳನ್ನು ಯಾರೂ ನಕಲು ಮಾಡದಂತೆ ಬೀಗ ಹಾಕುತ್ತಿದ್ದವಳು. ನಾನು ಬೀಗ ಹಾಕುವುದು, ನಿಮ್ಮ ‘ಎಂಟನೇ ಮಹಡಿ’ ಗುಂಪು ಅದನ್ನು ಒಡೆದು ಊರಿಗೆಲ್ಲ ಹಂಚುವುದು. ನಾನು ಚಾಪೆ ಕೆಳಗೆ ತೂರಿದರೆ ನೀವು ರಂಗೋಲಿ ಕೆಳಗೆ ತೂರುತ್ತಿದ್ದಿರಿ.

ನೆನಪಿದೆಯೇ? ಒಂದು ಬೀಗದ ಒಳಗೆ, ಒಡೆಯುವವರ ಕಣ್ಣಿಗೆ ಮಾತ್ರ ಬೀಳುವ ಜಾಗದಲ್ಲಿ, “ಇಲ್ಲೀವರೆಗೂ ಬಂದ್ರಾ? ಊಟ ಆಯ್ತಾ?” ಎಂದು ಬರೆದಿದ್ದೆ. ಸ್ವಲ್ಪ ದಿನಕ್ಕೇ ನಿಮ್ಮ ನಕಲು ಪ್ರತಿ ನಮ್ಮ ಆಫೀಸಿಗೆ ಬಂತು. ಆಟ ಶುರುವಾಗುವ ಮುಂಚೆ ನೀವು ಸೇರಿಸುತ್ತಿದ್ದ ಆ ಪುಟ್ಟ ಬಣ್ಣದ ತೆರೆಯಲ್ಲಿ ಅಕ್ಷರಗಳು ಅಲೆಯಲೆಯಾಗಿ ಹರಿದುಹೋದವು: “ಊಟ ಆಯ್ತು ಅಣ್ಣಾ. ಬೀಗಕ್ಕೆ ಉಪ್ಪು ಸ್ವಲ್ಪ ಕಮ್ಮಿ.” ಕಂಪನಿಯ ಯಜಮಾನರ ಎದುರು ಹಲ್ಲು ಕಡಿದೆ. ಮನೆಗೆ ಬಂದು ತಂಗಿಗೆ ಹೇಳಿ ಹೊಟ್ಟೆ ಹಿಡಿದುಕೊಂಡು ನಕ್ಕೆ. ಆಮೇಲೆ ನಮ್ಮ ಪತ್ರವ್ಯವಹಾರವೆಲ್ಲ ಬೀಗಗಳ ಮೂಲಕವೇ ನಡೆಯಿತು. ಕೊನೆಯವರೆಗೂ ನೀವು ನನ್ನನ್ನು ಅಣ್ಣ ಎಂದೇ ಕರೆದಿರಿ. ತಿದ್ದಲು ನನಗೂ ಮನಸ್ಸಾಗಲಿಲ್ಲ.

ಇನ್ನು ವಿಷಯಕ್ಕೆ ಬರುತ್ತೇನೆ. ಆ ತಂಗಿಗೆ ಬಹಳ ವರ್ಷಗಳಿಂದ ಕಿವಿ ಕೇಳಿಸುವುದಿಲ್ಲ. ಈಗ ಆಪರೇಷನ್ ಮಾಡಿ ಕಿವಿಯೊಳಗೆ ಒಂದು ಸಾಧನ ಕೂರಿಸಿದ್ದಾರೆ. ಗಾಯ ಮಾಗಿದ ಮೇಲೆ, ಮುಂದಿನ ತಿಂಗಳು, ಅದನ್ನು ಚಾಲೂ ಮಾಡುತ್ತಾರೆ. ಮೊದಮೊದಲು ಎಲ್ಲವೂ ತಗಡಿನ ಡಬ್ಬಿಯೊಳಗಿಂದ ಬಂದಂತೆ ಕೇಳುತ್ತದಂತೆ. ಅವರಿಗೆ ಗಟ್ಟಿಯಾಗಿ ನೆನಪಿರುವ ಹಾಡು ಯಾವುದಾದರೂ ಇದ್ದರೆ ತನ್ನಿ, ಅದರಿಂದಲೇ ಅಭ್ಯಾಸ ಶುರುಮಾಡೋಣ ಎಂದರು ಡಾಕ್ಟರಮ್ಮ. ಅದನ್ನು ಚೀಟಿಯಲ್ಲಿ ಬರೆದು ತೋರಿಸಿದಾಗ ತಂಗಿ, “ನಂದೇ ಇದ್ಯಲ್ಲ” ಎಂದಳು.

ಅವಳದು ಎಂದರೆ, ನಾವಿಬ್ಬರೂ ಸೇರಿ ಮಾಡಿದ ಒಂದೇ ಒಂದು ಆಟದ ಹಾಡು. ಕಡಲ ನಡುವಿನ ದೀಪಸ್ತಂಭದ ಆಟ, ನಿಮಗೆ ಮರೆತಿರಲಾರದು. ಆಟ ನನ್ನದು, ಹಾಡು ಅವಳದು. ಆಗ ಅವಳಿನ್ನೂ ಕಾಲೇಜಿಗೆ ಹೋಗುತ್ತಿದ್ದಳು. ಆ ಹಾಡನ್ನು ನಾವು ಬೇರೆಲ್ಲೂ ರೆಕಾರ್ಡ್ ಮಾಡಿಕೊಂಡಿಲ್ಲ. ಆ ಕಾಲದ ಕಂಪ್ಯೂಟರ್ ಹಾಡುತ್ತಿದ್ದುದೇ ತಗಡಿನ ಡಬ್ಬಿಯ ದನಿಯಲ್ಲಿ, ಹಾಗಾಗಿ ನಿನಗೇನೂ ನಷ್ಟವಿಲ್ಲ ಎಂದು ಬರೆದು ತೋರಿಸಿದೆ. ದಿಂಬು ತೆಗೆದು ಎಸೆದಳು.

ಬೀರುವಿನಲ್ಲಿ ಮೂಲ ಡಿಸ್ಕ್ ಸಿಕ್ಕಿತು. ಸಂತೆಯಲ್ಲಿ ಹುಡುಕಿ ತಂದ ಹಳೇ ಯಂತ್ರಕ್ಕೆ ಹಾಕಿದರೆ, ನನ್ನದೇ ಬೀಗ ‘ಇದು ನಕಲು’ ಎಂದು ನನ್ನ ಮುಖಕ್ಕೇ ಬಾಗಿಲು ಬಡಿಯಿತು. ಡಿಸ್ಕಿಗೆ ಕಾರ್ಖಾನೆಯಲ್ಲಿ ಬೇಕೆಂದೇ ಒಂದು ಗುರುತಿನ ಗಾಯ ಮಾಡಿಸಿದ್ದೆ; ಕಾಲಕ್ಕೆ ಅದು ಮಾಸಿಹೋಗಿ ಬೀಗಕ್ಕೆ ಗುರುತು ಸಿಗುತ್ತಿಲ್ಲ. ಕಂಪನಿ ಮುಚ್ಚಿದಾಗ ನಾನು ಬರೆದ ಮೂಲ ಪ್ರೋಗ್ರಾಂ ಕೂಡ ಹೋಯಿತು. ಒಡೆಯೋಣವೆಂದು ದಿನಗಟ್ಟಲೆ ಕೂತೆ, ಆಗಲಿಲ್ಲ. ಅಷ್ಟು ಚೆನ್ನಾಗಿ ಹಾಕಿದ್ದೆ, ಹಾಳಾದ್ದು.

ಆಗ ನಿಮ್ಮ ನೆನಪಾಯಿತು. ನಿಮ್ಮ ಗುಂಪು ಇನ್ನೂ ಇದೆ ಎಂದು ತಿಳಿದು ಬೆರಗಾದೆ. ಬೀಗ ಒಡೆಯುವುದು ಎಂದೋ ನಿಂತಿದೆ. ಆಟದ ಮುಂದೆ ಅಂಟಿಸುತ್ತಿದ್ದ ಬಣ್ಣದ ತೆರೆ ಮಾತ್ರ ಉಳಿದು, ಬೆಳೆದು, ಅದೇ ಒಂದು ಕಲೆಯಾಗಿದೆ. ಡೆಮೊ ಎನ್ನುತ್ತೀರಂತೆ. ಅವನ್ನು ತೋರಿಸಲು ವರ್ಷಕ್ಕೊಮ್ಮೆ ನಿಮ್ಮ ಗುಂಪು ಬಾಡಿಗೆಗೆ ಹಿಡಿಯುವ ಹಾಲ್‌ಗೆ ನಾನೂ ಹೋಗಿದ್ದೆ. ಈ ಪತ್ರಕ್ಕಿಂತ ಚಿಕ್ಕದಾದ ಒಂದು ಪ್ರೋಗ್ರಾಂ ಗೋಡೆ ತುಂಬ ಸಮುದ್ರ ಎಬ್ಬಿಸಿತು. ಜನ ಸಿಳ್ಳೆ ಹೊಡೆದರು. ನಾನೂ ಹೊಡೆದೆ.

ಬಾಗಿಲಲ್ಲಿ ಟಿಕೆಟ್ ಕೊಡುತ್ತಿದ್ದ ಹುಡುಗಿಗೆ ನಾನು ಯಾರೆಂದು ಹೇಳಿದೆ. ಎದ್ದೇ ನಿಂತಳು. “ಬೀಗದಣ್ಣ ಅಂದ್ರೆ ನೀವಾ? ಅಯ್ಯೋ, ನಿಮ್ ಬೀಗ ಬಿಚ್ಚಿ ಬಿಚ್ಚೇ ನಾವೆಲ್ಲ ಕಲ್ತಿದ್ದು!” ಎಂದಳು. ಸಂಬಳ ಕೊಟ್ಟವರು ಒಂದು ದಿನವೂ ಇಂಥ ಮಾತಾಡಿರಲಿಲ್ಲ. ಬಂದ ಕೆಲಸ ಹೇಳಿದೆ. ಗುಂಪು ಜೋಪಾನವಾಗಿಟ್ಟಿರುವ ಹಳೆಯ ಸಂಗ್ರಹದಿಂದ ನಿಮ್ಮ ಪ್ರತಿಯನ್ನು ಅವಳೇ ಹುಡುಕಿಕೊಟ್ಟಳು, ನಿಮ್ಮ ಅಂಗಡಿಯ ವಿಳಾಸವನ್ನೂ ಕೊಟ್ಟಳು.

ಈ ಆಟದ ನಿಮ್ಮ ಪ್ರತಿಯನ್ನು ಆಗ ನಾನು ನೋಡಿರಲಿಲ್ಲ; ಮನೆಗೆ ತಂದು ಹಾಕಿದೆ. ತೆರೆಯಿತು. ದೀಪಸ್ತಂಭ ಬಂತು, ಅಲೆ ಬಂತು. ಹಾಡು ಶುರುವಾಗಬೇಕಾದ ಕಡೆ ಸದ್ದಿಲ್ಲ. ಹಾಡನ್ನೇ ಕಿತ್ತು ಬಿಸಾಕಿದ್ದೀರಲ್ಲ, ಮಹಾರಾಯರೇ! ಯಾಕೆಂದು ನನಗೆ ಗೊತ್ತು. ಬೀಗದ ಕೊನೆಯ ತುಂಡನ್ನು ಆ ಹಾಡಿನೊಳಗೇ ಬಚ್ಚಿಟ್ಟಿದ್ದೆ. ಹಾಡನ್ನು ಯಾರು ತಾನೇ ಎಸೆಯುತ್ತಾರೆ ಎಂದು ನನ್ನ ಲೆಕ್ಕ. ಉಳಿದ ಗುಂಪುಗಳಿಗಿಂತ ಮೊದಲು ಹಂಚಬೇಕೆಂಬ ಆತುರ ನಿಮ್ಮದು. ಹಾಡನ್ನೂ ಬೀಗವನ್ನೂ ಬೇರೆ ಬೇರೆ ಬಿಡಿಸುತ್ತ ಕೂರುವ ವ್ಯವಧಾನ ಎಲ್ಲಿತ್ತು?

ನನ್ನ ಮೂಲ ಡಿಸ್ಕನ್ನು ಈ ಪತ್ರದ ಜೊತೆ ಕಳಿಸುತ್ತಿದ್ದೇನೆ. ಇನ್ನೊಮ್ಮೆ ಒಡೆಯಿರಿ. ಈ ಸಲ ನಿಮ್ಮ ಜೊತೆ ಓಡುವವರು ಯಾರೂ ಇಲ್ಲ, ನಿಧಾನವಾಗಿ ಒಡೆಯಿರಿ. ಬೀಗ ಹೋಗಲಿ, ಹಾಡು ಉಳಿಯಲಿ. ನನ್ನ ಬೀಗ ಒಡೆಯಿರಿ ಎಂದು ನಿಮ್ಮನ್ನೇ ಅಂಗಲಾಚುವ ದಿನ ಬರುತ್ತದೆ ಎಂದು ಕನಸಿನಲ್ಲೂ ಎಣಿಸಿರಲಿಲ್ಲ. ಆ ಆಟದ ನಂತರ ತಂಗಿ ಮತ್ತೊಂದು ಹಾಡು ಕಟ್ಟಲಿಲ್ಲ. ಕಿವಿ ಆಗಲೇ ಮಂದವಾಗತೊಡಗಿತ್ತೋ ಏನೋ, ನಾನು ಕೆದಕಿ ಕೇಳಿಲ್ಲ. ಅವಳು ಮೊದಲು ಕೇಳುವುದು ಅವಳದೇ ಹಾಡಾಗಿರಲಿ, ನನಗೆ ಬೇಕಿರುವುದು ಅಷ್ಟೇ.

ನಿಮ್ಮ ಹಳೆಯ ವೈರಿ,
ಬೀಗದಣ್ಣ

ತಾ.ಕ.: ಲಕೋಟೆ ಅಂಟಿಸುವ ಮುಂಚೆ ತಂಗಿ ಪತ್ರ ಕಸಿದುಕೊಂಡು ಓದಿದಳು. ಹಾಡು ಕಟ್ಟುವುದು ನಿಂತದ್ದು ಕಿವಿಯಿಂದಲ್ಲ ಎಂದಳು, ಕಿವಿ ಹೋದದ್ದು ಎಷ್ಟೋ ಆಮೇಲೆ. ಆಗ ಅವಳ ಕಾಲೇಜಿನವರೆಲ್ಲ ಆಡುತ್ತಿದ್ದುದು ನಿಮ್ಮ ಪ್ರತಿಯನ್ನೇ. ಗೆಳತಿಯ ಮನೆಯಲ್ಲಿ ನೋಡಿದಳಂತೆ, ಹಾಡಿಲ್ಲ. ಹಾಡೆಲ್ಲಿ ಎಂದು ಒಬ್ಬರೂ ಕೇಳಲಿಲ್ಲವಂತೆ. ಎಸೆಯುವಂಥದ್ದು, ಅದಕ್ಕೇ ಎಸೆದಿದ್ದಾರೆ ಎಂದುಕೊಂಡು ಬಿಟ್ಟುಬಿಟ್ಟಳು. ಒಳಗೆ ನನ್ನ ಬೀಗ ಇತ್ತೆಂದು ಅವಳಿಗೆ ಗೊತ್ತಾದದ್ದು ಇವತ್ತು, ಈ ಪತ್ರದಿಂದ. ನಾನು ಅತ್ತೆ, ಅವಳು ಅಳಲಿಲ್ಲ. ಪೆನ್ಸಿಲ್ ಹಿಡಿದು ಮೇಜಿನ ಮುಂದೆ ಕೂತು ಬೆರಳಲ್ಲಿ ತಾಳ ಹಾಕುತ್ತಿದ್ದಾಳೆ. ಹಾಡಿನ ಕೊನೆಯಲ್ಲಿ ಸ್ವಲ್ಪ ಜಾಗ ಖಾಲಿ ಬಿಡಬೇಕಂತೆ, ನಿಮಗೆ ತಿಳಿಸು ಎಂದಳು. ಆಗ ಅವಸರದಲ್ಲಿ ಮುಗಿಸಿದ್ದಳಂತೆ, ಇನ್ನೂ ಇದೆಯಂತೆ.