ಹೊಟ್ಟೆಗೆ ಬಳಿದ ಕಿತ್ತಳೆ

ಅಕ್ಕಾ,

ಬಿತ್ತು ಕಣೇ! ಮೊಳದುದ್ದದ ಬಾಸ್ ಮೀನು, ಅದೂ ಈ ಕೆಸರುನೀರಿನಲ್ಲಿ! ಅವಸರದಲ್ಲಿ ಗೀಚುತ್ತಿದ್ದೇನೆ, ಅಕ್ಷರ ಸೊಟ್ಟಗಾದರೆ ನಗಬೇಡ.

ಮೀನು ಮೋಸಹೋಗಲೆಂದು ಗಾಳಕ್ಕೆ ಕಟ್ಟುವ ಮರದ ಮರಿಮೀನುಗಳ ಬೆನ್ನಿಗೆ ನಾನು ಚೆಂದವಾಗಿ ಪಟ್ಟೆ ಎಳೆಯುತ್ತಿದ್ದಾಗ, ನೀನು ನೇಲ್ ಪಾಲಿಶ್ ಊದಿ ಒಣಗಿಸಿಕೊಳ್ಳುತ್ತ ಹೇಳುತ್ತಿದ್ದೆಯಲ್ಲ, “ಲೋ ಪೆದ್ದ, ಬಾಸು ಕೆಳಗಿಂದ ನೋಡುತ್ತೆ. ಹೊಟ್ಟೆಗೆ ಹಚ್ಚೋ!” ಉಗುರಿಗೆ ಬಣ್ಣ ಹಚ್ಚುವವಳಿಗೆ ಮೀನಿನ ವಿಷಯ ಏನು ಗೊತ್ತು ಅಂತ ನಾನು ಕಿವಿಗೇ ಹಾಕಿಕೊಳ್ಳಲಿಲ್ಲ.

ನಿನ್ನೆ ಕನ್ನಡಿ ಹಿಂದಿದ್ದ ನಿನ್ನ ಕಿತ್ತಳೆ ಪಾಲಿಶ್ ಬಾಟಲಿ ತೆಗೆದೆ. ನೀನು ಇಲ್ಲವಾದ ಮೇಲೆ ಅದನ್ನು ಯಾರಿಗೂ ಮುಟ್ಟಗೊಡದ ಅಮ್ಮ ಬಾಗಿಲಲ್ಲೇ ನಿಂತು ನೋಡಿದಳು. ಗದರಲಿಲ್ಲ. “ತೆಳ್ಳಗೆ ಹಚ್ಚು. ದಪ್ಪ ಆದ್ರೆ ಚಕ್ಕೆ ಏಳುತ್ತೆ ಅಂತಿದ್ಲು ಅವಳು,” ಅಂದಳಷ್ಟೆ.

ಇವತ್ತು ದಡದಲ್ಲಿ ಎಲ್ಲರೂ ಬರಿಗೈಯಲ್ಲಿ ಕೂತಿದ್ದರು. ನಾನು ಕಿತ್ತಳೆ ಹೊಟ್ಟೆಯ ಮರಿಮೀನನ್ನು ಎಸೆದು ದಾರ ಸುತ್ತತೊಡಗಿದ್ದೇ ತಡ, ಕೆಳಗಿಂದ ಗುದ್ದಿತು ನೋಡು! ಕೋಲು ಬಿಲ್ಲಿನಂತೆ ಬಾಗಿತು. ಪಕ್ಕದ ಮುದುಕ ಎದ್ದುಬಿದ್ದು ಬಂದು, “ಯಾವ ಅಂಗಡಿ ಬಣ್ಣನಪ್ಪಾ ಇದು?” ಅಂದ.

“ನಮ್ಮಕ್ಕಂದು,” ಅಂದೆ.

ಮೀನಿನ ಹಲ್ಲಿಗೆ ಸಿಕ್ಕಿ ಬಣ್ಣ ಕೆರೆದುಹೋಗಿದೆ. ಇನ್ನೊಂದು ಕೋಟು ಹಚ್ಚೋಣವೆಂದು ಮನೆಗೆ ಓಡಿಬಂದರೆ, ಬಾಟಲಿಯ ತಳದಲ್ಲಿ ಉಳಿದಿದ್ದನ್ನು ಅಮ್ಮ ತನ್ನ ಕಿರುಬೆರಳಿಗೆ ಹಚ್ಚಿಕೊಂಡು, ಥೇಟ್ ನಿನ್ನ ಹಾಗೆ ಊದುತ್ತ ಕೂತಿದ್ದಾಳೆ!

“ಅವಳಿಗೆ ಹೇಳ್ಬೇಡ ಕಣೋ, ಕೂಗಾಡ್ತಾಳೆ,” ಅಂದಳು.

ಹೇಳಿಬಿಟ್ಟಿದ್ದೇನೆ ಅಕ್ಕಾ. ಕೂಗಾಡು.